ಪನೀರಿನ ನೀರು, ಕ್ಯಾಂಟೀನಿನ ಒಲೆ

ಕೊಳಚೆ ನೀರಿನ ಹಿಂದೆ ಡೆನ್ಮಾರ್ಕ್ ಸೇರಿ ನಾಲ್ಕಾರು ದೇಶ ಸುತ್ತಿದವಳು ನಾನು. ಹೋದಲ್ಲೆಲ್ಲ ನಗುವುದಕ್ಕೆ ಏನಾದರೂ ಸಿಕ್ಕಿದೆ. ಬೀದರಿನಲ್ಲಿ ಮಾತ್ರ ಅದಕ್ಕೆ ರಜೆಯೇ ಇರಲಿಲ್ಲ. ಅಲ್ಲಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಪನೀರ್ ಕಾರ್ಖಾನೆಯಲ್ಲಿ ಹಾಲು ಒಡೆದ ಮೇಲೆ ಉಳಿಯುವ ನೀರು, ಪಾತ್ರೆ ತೊಳೆದ ನೀರು, ಎಲ್ಲವನ್ನೂ ಮುಚ್ಚಿದ ಟಾಕಿಗೆ ಬಿಟ್ಟು ಗ್ಯಾಸ್ ಮಾಡುವುದು ನನ್ನ ಕೆಲಸ. ಮಾಲೀಕರಾದ ಸೇಠರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ದೀಪಾವಳಿಯೊಳಗ ಈ ಗ್ಯಾಸಿನ ಮ್ಯಾಲ ಕ್ಯಾಂಟೀನಿನ ಚಾ ಕುದಿಬೇಕ್ರಿ. ಇಲ್ಲಂದ್ರ ಟಾಕಿ ಒಡಸಿ ಗೋದಾಮು ಕಟ್ಟಸ್ತೇನಿ. ನೀವು ಮತ್ತ ಡೆನ್ಮಾರ್ಕಿಗೆ ಹೋಗ್ರಿ."

ಹೆಪ್ಪು

ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಟಾಕಿಗೆ ಮೊದಲು ಸೆಗಣಿ ಹಾಕಬೇಕು. ಅದರೊಳಗಿನ ಸೂಕ್ಷ್ಮಜೀವಿಗಳೇ ಗ್ಯಾಸ್ ಮಾಡುವವು. ಭಾತಂಬ್ರಾದ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದರು.

"ಎಮ್ಮೀದು ನಡೀತದೇನ್ರಿ ಬಾಯಿ?"

"ನಡೀತದ."

"ಪರದೇಶದಾಗ ಯಾವುದು ಹಾಕ್ತಾರ್ರಿ?"

"ನಾನಿದ್ದ ಕಡೆ ಹಂದೀದು."

ಅವರು ಹಿಂದೆ ತಿರುಗಿ ಟ್ರಾಲಿಯನ್ನೊಮ್ಮೆ ನೋಡಿದರು. "ಈ ಮಾತು ಇಲ್ಲೇ ಇರ್ಲಿರಿ. ಟ್ರಾಲಿ ನಮ್ಮ ಬೀಗರದು."

ಸೋಡಾ

ಟಾಕಿ ನೋಡಿಕೊಳ್ಳಲು ಔರಾದಿನವರೊಬ್ಬರಿದ್ದರು. ಮೊದಲು ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುತ್ತಿದ್ದವರು, ಕೈ ಧಾರಾಳ. ಪಾಪ, ಹಸಿದಿರಬಹುದು ಎಂದು ಒಂದು ದಿನ ಟಾಕಿಗೆ ದುಪ್ಪಟ್ಟು ಉಣಿಸಿಬಿಟ್ಟರು. ಒಳಗೆಲ್ಲ ಹುಳಿಯೇರಿ ಗ್ಯಾಸ್ ನಿಂತುಹೋಯಿತು.

"ಟಾಕಿಗೆ ಅಜೀರ್ಣ ಆಗೇದ, ಸೋಡಾ ತರ್ರಿ," ಎಂದು ಫೋನಿನಲ್ಲಿ ಹೇಳಿದೆ. ನನ್ನ ಮನಸ್ಸಿನಲ್ಲಿದ್ದದ್ದು ಹುಳಿ ಮುರಿಯುವ ಅಡುಗೆ ಸೋಡಾದ ಚೀಲ. ಅವರು ಹೊತ್ತು ತಂದದ್ದು ಗೋಲಿ ಸೋಡಾದ ಕ್ರೇಟು. ಅದರಲ್ಲೂ ಒಂದು ಬಾಟಲಿ ಖಾಲಿ.

"ಇದ್ಯಾಕ್ರಿ ಖಾಲಿ?"

"ಖರೇನ ಕೆಲಸ ಮಾಡ್ತದೇನಂತ ನಾ ಕುಡದು ನೋಡೀನ್ರಿ ಮೇಡಂ. ಮಸ್ತ್ ತೇಗು ಬಂತು."

ಚಾ

ಚೀಲದ ಸೋಡಾ ಬಿದ್ದ ಮೇಲೆ ಟಾಕಿ ಚೇತರಿಸಿಕೊಂಡು, ಗ್ಯಾಸ್ ಕ್ಯಾಂಟೀನಿನವರೆಗೂ ಬಂತು. ಆದರೆ ಅಡುಗೆ ಮಾಡುವ, ಎಲ್ಲರೂ ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುವ ಭಾಲ್ಕಿಯ ಹಿರಿಯಾಕೆ ಒಲೆ ಹಚ್ಚಲೊಲ್ಲರು. "ಮೋರಿ ಗ್ಯಾಸಿನ ಮ್ಯಾಲ ಚಾ ಇಟ್ರ ಕುಡಿಯೋರು ಯಾರ್ರಿ? ನನ್ನ ಕೈ ಹೆಸರು ಹೋಗ್ತದ."

ದೀಪಾವಳಿ ಹತ್ತಿರ ಬಂತು. ನಾನು ಪೆಟ್ಟಿಗೆ ಕಟ್ಟುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಚಹಾ ಅರ್ಧ ಕುದಿಯುವಾಗಲೇ ಸಿಲಿಂಡರ್ ಮುಗಿಯಿತು. ಪಾಳಿ ಬಿಟ್ಟ ಜನ ಲೋಟ ಹಿಡಿದು ನಿಂತಿದ್ದರು. ಕಾಕು ಮೂಗಿಗೆ ಸೆರಗು ಹಿಡಿದುಕೊಂಡೇ ನಮ್ಮ ಒಲೆ ಹಚ್ಚಿದರು. ನೀಲಿ ಉರಿ. ಸೆರಗು ಮೆಲ್ಲನೆ ಕೆಳಗಿಳಿಯಿತು. ಮೊದಲ ಗುಟುಕು ತಾವೇ ಕುಡಿದರು.

"ಬರೇ ಚಾದ ವಾಸನೀನೇ ಬರ್ತದಲ್ರಿ," ಎಂದರು, ತುಸು ನಿರಾಶೆಯಿಂದಲೇ.

ಹಬ್ಬದ ಹಿಂದಿನ ದಿನ ಸೇಠರು ಹೈದರಾಬಾದಿನ ವ್ಯಾಪಾರಿಗಳಿಗೆ ಕಾರ್ಖಾನೆಯ ಸ್ವಚ್ಛತೆಯನ್ನು ಹೊಗಳುತ್ತಾ ಒಳಗೆ ಬಂದರು. ನನ್ನನ್ನು ಕಂಡು, "ಏನ್ರಿ ಮೇಡಂ, ಚಾ ಕುದೀತದೋ ಇಲ್ಲೋ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಸೌಟು ಹಿಡಿದು ಬಂದವರೇ ಪಾತ್ರೆ ತೊಳೆಯುವವರ ಮೇಲೆ ಹರಿಹಾಯ್ದರು.

"ಟಾಕಿಗೆ ಹಿಂಗ ಸ್ವಚ್ಛ ನೀರು ಬಿಡಬ್ಯಾಡ್ರಪ್ಪಾ ಅಂತ ಎಷ್ಟು ಸಲ ಹೇಳ್ಬೇಕು ನಿಮಗ? ನನ್ನ ಉರಿ ಸಣ್ಣಾಗ್ತದ. ಜರಾ ಹೊಲಸ ಬಿಡ್ರಿ, ಸೇಠ್ ಸಾಹೇಬರಿಗೆ ಚಾ ಇಡಬೇಕು."