ಬಾಂದುಕಲ್ಲಿನ ಕೆಳಗಿನ ನಿಧಿ

ಮಕ್ಕಳಿಗೆ ಸಾಹಸದ ಕತೆ ಬರೆಯುವವರ ಮೇಲೆ ನನಗೆ ಬಹಳ ಸಿಟ್ಟಿದೆ. ಅವರಲ್ಲಿ ಯಾರನ್ನೂ ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಅಕಸ್ಮಾತ್ ಸಿಕ್ಕರೆ ಒಂದೇ ಒಂದು ಮಾತು ಕೇಳಬೇಕೆಂದಿದ್ದೇನೆ: ಸ್ವಾಮಿ, ನಿಮ್ಮ ಕತೆಯಲ್ಲಿ ಒಂದು ಒಗಟಿಗೆ ಒಂದೇ ಉತ್ತರ ಇರುತ್ತದಲ್ಲ, ಅದು ಹೇಗೆ? ಆ ಕತೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು. ನಾಲ್ಕು ಮಕ್ಕಳು ರಜೆಗೆ ಯಾವುದೋ ಊರಿಗೆ ಹೋಗುತ್ತಾರೆ. ಅಲ್ಲೊಂದು ಪಾಳುಕೋಟೆ, ಕೋಟೆಯಲ್ಲೊಂದು ಗುಹೆ, ಗುಹೆಗೊಂದು ಕಲ್ಲಿನ ಬಾಗಿಲು, ಬಾಗಿಲ ಮೇಲೊಂದು ಒಗಟು. ಮಕ್ಕಳಲ್ಲಿ ಕನ್ನಡಕ ಹಾಕಿದವಳು ಸ್ವಲ್ಪ ಹೊತ್ತು ಯೋಚಿಸಿ ‘ನೆರಳು’ ಅನ್ನುತ್ತಾಳೆ. ಬಾಗಿಲು ಗರಗರ ತೆರೆದುಕೊಳ್ಳುತ್ತದೆ. ಸದಾ ಬೆನ್ನ ಹಿಂದೆಯೇ ಬರುವುದು ನೆರಳೇ ಯಾಕಾಗಬೇಕು, ಹೆಂಡತಿಯ ತಮ್ಮನೂ ಆಗಬಹುದಲ್ಲ ಎಂದು ಬಾಗಿಲು ವಾದಿಸುವುದಿಲ್ಲ. ಮಕ್ಕಳು ಅಗೆದ ಜಾಗ ಯಾರ ಖಾತೆಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ನಿಧಿ ಸಿಗುತ್ತದೆ, ಊರವರು ಹಾರ ಹಾಕುತ್ತಾರೆ, ಕತೆ ಮುಗಿಯುತ್ತದೆ. ನನಗೆ ಇದೆಲ್ಲ ಯಾಕೆ ಉರಿಯುತ್ತದೆಂದರೆ, ನಾನು ಚನ್ನರಾಯಪಟ್ಟಣದಲ್ಲಿ ಸರ್ಕಾರಿ ಗುಮಾಸ್ತ. ಜಮೀನಿನ ಅಳತೆಗೆ ಅರ್ಜಿ ತೆಗೆದುಕೊಳ್ಳುವ ಮೇಜು ನನ್ನದು. ಬದು ಒತ್ತಿದರು, ಕಲ್ಲು ಸರಿಸಿದರು ಎಂಬ ದೂರುಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೇಳುವವನಿಗೆ, ಹಾರೆ ಹಿಡಿದ ಮಕ್ಕಳ ಕತೆ ಸಾಹಸದಂತೆ ಕಾಣುವುದಿಲ್ಲ. ಮೊಕದ್ದಮೆಯಂತೆ ಕಾಣುತ್ತದೆ.

ಇಷ್ಟಾಗಿಯೂ ಆ ಪುಸ್ತಕಗಳನ್ನು ಮನೆಗೆ ತಂದವನು ನಾನೇ. ನನ್ನ ಮಗಳು ಸಿರಿ ಐದನೇ ಕ್ಲಾಸು. ಫೋನು ಬಿಡುತ್ತಿರಲಿಲ್ಲ. ಪುಸ್ತಕ ಹಿಡಿಸಿದರೆ ಫೋನು ತಾನಾಗಿ ಬಿಡುತ್ತಾಳೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ನಾವಿರುವ ಹಾಸನದಲ್ಲಿ ಬಸ್ಟ್ಯಾಂಡಿನ ಹತ್ತಿರ ಅರ್ಧ ಬೆಲೆಗೆ ರಾಶಿ ಹಾಕಿಕೊಂಡು ಕೂತಿದ್ದವನಿಂದ ಒಂದು ಕಟ್ಟು ತಂದೆ. ಫೋನನ್ನೇನೋ ಬಿಟ್ಟಳು, ಆದರೆ ನನ್ನನ್ನು ಹಿಡಿದುಕೊಂಡಳು. ತಟ್ಟೆಗೆ ಅನ್ನ ಬೀಳಬೇಕಾದರೆ ಒಗಟು, ಟಿವಿ ರಿಮೋಟು ಬೇಕಾದರೆ ಒಗಟು. ಒಂದು ಬೆಳಿಗ್ಗೆ ನಾನು ಟವೆಲ್ಲು ಸುತ್ತಿಕೊಂಡು ಬಚ್ಚಲುಮನೆಯ ಮುಂದೆ ನಿಂತಿದ್ದೇನೆ, ಒಳಗಿನಿಂದ ಗವಿಯೊಳಗಿನ ಮುನಿಯ ಧ್ವನಿಯಲ್ಲಿ, ಉತ್ತರ ಹೇಳಿದವರಿಗೆ ಮಾತ್ರ ದ್ವಾರ ತೆರೆಯುವುದು ಎಂಬ ಅಪ್ಪಣೆ ಬಂತು. ಬಿಸಿನೀರು ಆರುತ್ತಿತ್ತು, ಚನ್ನರಾಯಪಟ್ಟಣದ ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ಹೇಳಿದ ಉತ್ತರಗಳೆಲ್ಲ ತಪ್ಪಾದವು. ಕೊನೆಗೆ ಅಂದು ಮುಖ ಮಾತ್ರ ತೊಳೆದುಕೊಂಡು ಆಫೀಸಿಗೆ ಹೋದೆ. ನನ್ನ ಹೆಂಡತಿ ಪ್ರೇಮಾಳಿಗೆ ದೂರು ಕೊಟ್ಟರೆ, ಅಷ್ಟು ಸುಲಭದ ಒಗಟು ನಿಮಗೆ ಗೊತ್ತಾಗಲಿಲ್ಲವೇ ಎಂದು ನನ್ನನ್ನೇ ವಿಚಾರಿಸಿದಳು.

ದಸರಾ ರಜೆಯಲ್ಲಿ ಪ್ರೇಮಾಳ ತವರಿಗೆ ಹೋದೆವು. ಅದು ಹಳ್ಳಿಮೈಸೂರಿನ ಹತ್ತಿರದ ಊರು. ಮಾವ ಜವರೇಗೌಡರದು ರಾಗಿ, ತೆಂಗು, ಒಂದಿಷ್ಟು ತರಕಾರಿಯ ಒಕ್ಕಲುತನ. ಅರಕಲಗೂಡಿನಿಂದ ನನ್ನ ನಾದಿನಿಯ ಮಗಳು ಧೃತಿಯೂ ಬಂದಿದ್ದಳು. ಸಿರಿಗಿಂತ ಎರಡು ಕ್ಲಾಸು ದೊಡ್ಡವಳು, ಕಬಡ್ಡಿ ಆಡುವವಳು. ಪಕ್ಕದ ಮನೆಯ ಚಿಕ್ಕೇಗೌಡರ ಮೊಮ್ಮಗಳು ಮೋನಿ ಇವರ ಜೊತೆ ಸೇರಿಕೊಂಡಳು. ಚಿಕ್ಕೇಗೌಡರ ವಿಷಯ ಇಲ್ಲೇ ಹೇಳಿಬಿಡಬೇಕು. ಅವರು ಮಾವನಿಗೆ ಚಿಕ್ಕಪ್ಪನ ಮಗ, ಹೊಲವೂ ಪಕ್ಕದ್ದೇ. ಇಬ್ಬರ ಹೊಲದ ನಡುವಿನ ಬದುವಿಗಾಗಿ ಬಹಳ ವರ್ಷ ಕಿತ್ತಾಡಿ, ಪಂಚಾಯ್ತಿ ಮಾಡಿಸಿ, ಅಳತೆ ಮಾಡಿಸಿ, ಕೊನೆಗೆ ನಡುವೆ ಒಂದು ಬಾಂದುಕಲ್ಲು ನೆಡಿಸಿದ್ದರು. ಕಲ್ಲು ನೆಟ್ಟ ದಿನವೇ ಮಾತು ಬಿಟ್ಟವರು ಇನ್ನೂ ಆಡಿರಲಿಲ್ಲ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಬಂದು ಉಂಡು, ಮುಯ್ಯಿ ಕೊಟ್ಟು, ಮಾತಾಡದೆ ಹೋಗುತ್ತಿದ್ದರು. ಮಕ್ಕಳಿಗೆ ಮಾತ್ರ ಈ ನಿಯಮ ಇರಲಿಲ್ಲ.

ಬಂದ ಮರುದಿನವೇ ಮೂವರೂ ಜಗಲಿಯ ಮೇಲೆ ನನ್ನನ್ನು ಮುತ್ತಿದರು. ನಿಜವಾದ ಸಾಹಸ ಬೇಕಂತೆ. ಒಗಟು ನಾನು ಹೇಳಬೇಕು, ನಿಧಿ ನಾನು ಬಚ್ಚಿಡಬೇಕು. ಮಕ್ಕಳ ಜೊತೆ ಒಂದು ದಿನವಾದರೂ ಇರಿ ಎಂದು ಒಳಗಿನಿಂದ ಪ್ರೇಮಾಳ ಧ್ವನಿ ಬಂತು. ನಾನು ಒಂದು ಸ್ಟೀಲಿನ ಡಬ್ಬಿಗೆ ಚಾಕೊಲೇಟು, ಕೊಬ್ಬರಿ ಮಿಠಾಯಿ ತುಂಬಿ, ಹೊಲದ ಕಡೆ ಸುತ್ತಾಡಿ, ಬಚ್ಚಿಟ್ಟು ಬಂದೆ. ಮೊದಲ ಒಗಟು ಹೀಗಿತ್ತು: ಒಳಗಿದ್ದಾಗ ದಿನಾ ರುಬ್ಬಿದಳು, ಮಿಕ್ಸಿ ಬಂದಮೇಲೆ ಹಿತ್ತಿಲಿಗೆ ಹೋದಳು. ನಾನು ಬಾಯಿ ಮುಚ್ಚುವ ಮೊದಲೇ ಮೂವರೂ ಒರಳುಕಲ್ಲಿನ ಹತ್ತಿರ ನಿಂತಿದ್ದರು. ಎರಡನೆಯದು: ಕರೆಂಟಿದ್ದರೆ ಬಾಯ್ತುಂಬ ನೀರು, ಕರೆಂಟು ಹೋದರೆ ಮೂಕ. ಮೋನಿ ಆಕಳಿಸುತ್ತ ಪಂಪ್‌ಸೆಟ್ಟು ಅಂದಳು. ಸಿರಿ ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪ, ಇವೆಲ್ಲ ಒಂದನೇ ಕ್ಲಾಸಿನವರಿಗೆ, ಅವರ ಮುಂದೆ ನನ್ನ ಮರ್ಯಾದೆ ಹೋಗುತ್ತಿದೆ ಎಂದು ಪಿಸುಗುಟ್ಟಿದಳು.

ಇಲ್ಲಿ ನನಗೆ ಹಠ ಬಂತು. ದಿನಾ ಎಂತೆಂಥ ಅರ್ಜಿಗಳನ್ನು ಓದಿ ಅರ್ಥಮಾಡಿಕೊಳ್ಳುವವನು, ಮೂರು ಹುಡುಗಿಯರ ತಲೆ ತಿನ್ನುವಂಥ ಒಂದು ಒಗಟು ಕಟ್ಟಲಾರೆನೇ? ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕೊನೆಯದನ್ನು ಹೊಸೆದೆ. ಡಬ್ಬಿಯನ್ನು ನಾನು ಇಟ್ಟದ್ದು ರಾಗಿ ಹೊಲದ ಬೆರ್ಚಪ್ಪನ ಕಾಲ ಕೆಳಗೆ. ಹಕ್ಕಿಗಳನ್ನು ಹೆದರಿಸಲು ಮಾವ ನನ್ನದೇ ಹಳೆಯ ಅಂಗಿ ತೊಡಿಸಿ ನಿಲ್ಲಿಸಿದ್ದ ಬೊಂಬೆ ಅದು. ಹಾಗಾಗಿ ಗಂಭೀರವಾಗಿ ಹೇಳಿದೆ: “ಹಗಲೂ ಇರುಳೂ ಹೊಲ ಕಾಯುವನು, ಕೂಲಿ ಕೇಳನು. ಮಳೆಗೆ ನೆನೆವನು, ಬಿಸಿಲಿಗೆ ಕಾಯುವನು, ನಿಂತಲ್ಲಿಂದ ಕದಲನು. ಅವನ ಬುಡದಲ್ಲಿದೆ ನಿಧಿ.” ಮೂವರೂ ಮುಖ ಮುಖ ನೋಡಿಕೊಂಡರು. ನನಗೆ ಬಹಳ ಸಂತೋಷವಾಯಿತು. ಮಧ್ಯಾಹ್ನ ಅತ್ತೆ ನಾಟಿಕೋಳಿ ಸಾರು, ಮುದ್ದೆ ಮಾಡಿದ್ದರು. ಉಂಡು, ಗೆದ್ದವನ ನೆಮ್ಮದಿಯಿಂದ ಚಾಪೆಯ ಮೇಲೆ ಬಿದ್ದುಕೊಂಡೆ.

ಪ್ರೇಮ ಬಂದು ಎಬ್ಬಿಸಿದಾಗ ಬಿಸಿಲು ಇಳಿದಿತ್ತು. ನಿಮ್ಮ ಒಗಟಿಗೆ ಉತ್ತರ ಸಿಕ್ಕಿದೆಯಂತೆ, ಬೇಗ ಹೊಲಕ್ಕೆ ಬನ್ನಿ, ಅಪ್ಪ ಆಗಲೇ ಓಡಿದರು ಎಂದಳು. ಅವಳ ಮುಖ ನೋಡಿದರೆ ಸಿಕ್ಕಿದ್ದು ಚಾಕೊಲೇಟಿನಂತೆ ಕಾಣಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಓಡಿದೆ. ಹೋಗಿ ನೋಡುತ್ತೇನೆ, ಬದುವಿನ ಮೇಲೆ ಬಾಂದುಕಲ್ಲು ಅಂಗಾತ ಮಲಗಿದೆ. ಅದು ನಿಂತಿದ್ದ ಜಾಗದಲ್ಲಿ ಎಮ್ಮೆ ಹಾಯಾಗಿ ಹೊರಳಾಡಬಹುದಾದಂಥ ಗುಂಡಿ. ಗುಂಡಿಯೊಳಗೆ ಸೊಂಟದವರೆಗೆ ಮಣ್ಣಾಗಿ ನಿಂತ ಧೃತಿ, ಕೈಯಲ್ಲಿ ಹಾರೆ. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ, ಮಣ್ಣು ಬೆಣ್ಣೆಯಂತೆ ಬಂದಿತ್ತು. ಕಲ್ಲು ಕಿತ್ತು ಸುಮ್ಮನಾಗಿದ್ದರೂ ಗುರುತು ಉಳಿಯುತ್ತಿತ್ತು. ಆದರೆ ಕಲ್ಲು ನೆಡುವಾಗ ಹಿರಿಯರು ಗುರುತಿಗೆಂದು ತಳದಲ್ಲಿ ಇದ್ದಲು, ಹೆಂಚಿನ ಚೂರು ಹಾಕಿದ್ದರು. ಅದು ಕಂಡ ಕೂಡಲೇ ಸಿರಿ, ಇದೇ ನಿಧಿಯ ಗುರುತು, ಪುಸ್ತಕದಲ್ಲೂ ಹೀಗೇ ಇದೆ, ಇನ್ನೂ ಅಗೆಯೋಣ ಅಂದಳಂತೆ. ಗುರುತಿಗೆ ಹಾಕಿದ್ದ ಇದ್ದಲನ್ನೆಲ್ಲ ಅವಳು ಜೋಪಾನವಾಗಿ ತನ್ನ ಫ್ರಾಕಿನಲ್ಲಿ ಕಟ್ಟಿಕೊಂಡಿದ್ದಳು.

ಗುಂಡಿಯ ಈಚೆ ಮಾವ, ಆಚೆ ಚಿಕ್ಕೇಗೌಡರು. ಸುತ್ತ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು. ಚಿಕ್ಕೇಗೌಡರು ಮಾತು ಬಿಟ್ಟದ್ದನ್ನು ಮರೆತು ನೇರವಾಗಿ ಮಾವನಿಗೇ ಹೇಳಿದರು: “ಚೆಂದಾಗದೆ ಜವರಣ್ಣ. ಸರ್ವೆ ಆಪೀಸಿನ ಅಳೀನ ಕರುಸ್ಕಂಡು, ಮಕ್ಕಳ ಕೈಲಿ ಕಲ್ಲು ಕೀಳ್ಸಿದ್ದೀಯ. ಮಕ್ಕಳು ಅಂದ್ರೆ ಯಾರೂ ಕೇಳಕಿಲ್ಲ ಅಂತ ತಾನೆ?” ಮಾವನ ಮೀಸೆ ನಡುಗಿತು. ನಾನ್ಯಾಕೆ ಕೀಳಿಸಲಿ, ಕೀಳಿಸುವುದಿದ್ದರೆ ಅಂದೇ ಕೀಳಿಸುತ್ತಿದ್ದೆ ಎಂದರು. ಇದರಿಂದ ವಿಷಯ ತಿಳಿಯಾಗಲಿಲ್ಲ. ಚಿಕ್ಕೇಗೌಡರು ನನ್ನ ಕಡೆ ತಿರುಗಿದರು. ದನಿ ಎತ್ತಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. “ನಾಳೀಕೆ ಬಸ್ ಅತ್ತಿ ಚನ್ರಾಯ್ಪಟ್ಣಕ್ಕೆ ಓಯ್ತೀನಿ ಸಾ. ನಿಮ್ ಸಾಹೇಬ್ರ ಮುಂದ್ಲೇ ನಿಂತ್ಕಂಡು ಕೇಳ್ತೀನಿ.”

ಅಳತೆಯ ಅರ್ಜಿ ತೆಗೆದುಕೊಳ್ಳುವ ಗುಮಾಸ್ತನೇ ರಜೆ ಹಾಕಿ ಬಂದು, ಹೆಣ್ಣು ಕೊಟ್ಟ ಮಾವನ ಹೊಲದ ಬಾಂದುಕಲ್ಲು ಕೀಳಿಸಿದನೆಂದು ಒಂದು ದೂರು ಬಂದರೆ ಸಾಕು, ಯಾವ ಸಾಹೇಬರೂ ಪೂರ್ತಿ ಓದುವ ಗೋಜಿಗೆ ಹೋಗುವುದಿಲ್ಲ. ಕೆಲಸ ಹೋದರೆ ಗತಿಯೇನು ಎಂದು ಹಾಸನದ ಬಾಡಿಗೆ ಮನೆ, ಸಿರಿಯ ಸ್ಕೂಲು ಎಲ್ಲ ಒಮ್ಮೆಲೇ ಕಣ್ಮುಂದೆ ಬಂತು. ಇದೊಂದು ಆಟ, ನಾನೊಂದು ಒಗಟು ಹೇಳಿದ್ದೆ ಎಂದೆ. ಗುಂಪಿನಲ್ಲಿ ಯಾರೂ ನಂಬಲಿಲ್ಲ. ಸಂಬಳ ತೆಗೆದುಕೊಳ್ಳುವ ಗಂಡಸು ಮಟಮಟ ಮಧ್ಯಾಹ್ನ ಕೂತು ಒಗಟು ಕಟ್ಟುತ್ತಾನೆಂಬುದು ಅವರಿಗೆ ಕಲ್ಲು ಕಿತ್ತದ್ದಕ್ಕಿಂತ ದೊಡ್ಡ ಅಪರಾಧವಾಗಿ ಕಂಡಿತು. ಚಿಕ್ಕೇಗೌಡರು ಮಾತ್ರ, “ಅದೇನ್ ಒಗಟು, ಏಳಿ ನೋಡಾನ” ಅಂದರು.

ಕಟಕಟೆಯಲ್ಲಿ ನಿಂತವನಂತೆ ಕೈಕಟ್ಟಿಕೊಂಡು ಒಪ್ಪಿಸಿದೆ. ಅಲ್ಲಿ ನಡೆದದ್ದನ್ನು ಈಗ ನೆನೆದರೂ ಮೈ ಪರಚಿಕೊಳ್ಳುವಂತಾಗುತ್ತದೆ. ಇಷ್ಟು ಹೊತ್ತು ಒಬ್ಬರನ್ನೊಬ್ಬರು ಸೀಳುವಂತೆ ನಿಂತಿದ್ದ ಇಬ್ಬರು ಮುದುಕರೂ ಗಲ್ಲ ಕೆರೆದುಕೊಂಡು ಯೋಚನೆಗೆ ಬಿದ್ದರು. ಗುಂಪಿನಲ್ಲಿದ್ದವರೂ ತುಟಿ ಅಲ್ಲಾಡಿಸತೊಡಗಿದರು.

“ಒಲ ಕಾಯ್ತನೆ, ಕೂಲಿ ಕೇಳಕಿಲ್ಲ, ಕದ್ಲಕಿಲ್ಲ,” ಎಂದರು ಚಿಕ್ಕೇಗೌಡರು. “ಬಾಂದ್ಕಲ್ಲೇ ಅಲ್ವಾ ಜವರಣ್ಣ?”

“ಇನ್ನೇನ್ಲಾ ಮತ್ತೆ,” ಎಂದರು ಮಾವ. “ಬಾಂದ್ಕಲ್ಲೇ.”

ನಾನು ಮೆಲ್ಲಗೆ, ಅಲ್ಲ, ಉತ್ತರ ಬೆರ್ಚಪ್ಪ ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿ ಬೇರೆ ಬೇರೆಯಾಗಿರಲಿಲ್ಲ. ಬೆರ್ಚಪ್ಪ ಎಲ್ಲಿ ಕದಲುವುದಿಲ್ಲ, ಗಾಳಿ ಬಂದರೆ ಕುಣಿಯುತ್ತದಲ್ಲ ಎಂದರು ಮಾವ. ಒಂದು ಕೋಲಿಗೆ ಬುಡ ಎಲ್ಲಿದೆ, ಬುಡ ಅಂದರೆ ಅಗೆಯಬೇಕಾದದ್ದು ಎಂದರು ಚಿಕ್ಕೇಗೌಡರು. ರಾಗಿ ಕುಯ್ದಮೇಲೆ ಬೆರ್ಚಪ್ಪನಿಗೆ ಏನು ಕೆಲಸ, ವರ್ಷವೆಲ್ಲ ಕಾಯುವುದು ಕಲ್ಲೇ ತಾನೆ ಎಂದು ಮತ್ತೆ ಮಾವ. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತ, ನನ್ನ ಒಗಟನ್ನು ಕೋಳಿಯಂತೆ ಪುಕ್ಕ ಪುಕ್ಕ ಕಿತ್ತರು. ಎಷ್ಟೋ ವರ್ಷಗಳಿಂದ ಊರ ಪಂಚಾಯ್ತಿ ಮಾಡಲಾಗದ ಕೆಲಸ ಅಲ್ಲಿ ಆಗುತ್ತಿತ್ತು, ಆದರೆ ಅದರ ಸುಖ ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ಮಾವ ತೀರ್ಪು ಕೊಟ್ಟರು: “ಅಳಿಯಂದ್ರೆ, ಮಕ್ಕಳದೇನೂ ತಪ್ಪಿಲ್ಲ. ನಿಮ್ ಒಗಟು ಸರಿಯಿಲ್ಲ.”

ಆಗ ಯಾರೋ ಹಾರೆ ಯಾರದು ಎಂದು ಕೇಳಿದರು. ಮೋನಿ ತಲೆ ತಗ್ಗಿಸಿದಳು. ಚಿಕ್ಕೇಗೌಡರು ಹಾರೆ ತಿರುಗಿಸಿ ತಮ್ಮ ಮನೆಯ ಗುರುತು ನೋಡಿ, ಮೆಲ್ಲಗೆ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. ಚನ್ನರಾಯಪಟ್ಟಣಕ್ಕೆ ಹೋಗುವ ಮಾತು ಮತ್ತೆ ಬರಲಿಲ್ಲ.

ಕಲ್ಲನ್ನು ಮತ್ತೆ ಎಲ್ಲಿ ನೆಡಬೇಕೆಂಬ ಪ್ರಶ್ನೆ ಬಂದಾಗ, ಇದೊಂದಾದರೂ ನನ್ನ ಕೆಲಸ ಎಂದು ಮುಂದೆ ಬಂದು, ಮರು ಅಳತೆಗೆ ಅರ್ಜಿ ಹಾಕಿದರೆ ನೋಟಿಸು ಕೊಟ್ಟು, ಸರ್ವೆಯರು ಬಂದು ಎಂದು ಶುರುಮಾಡಿದೆ. ಇಬ್ಬರೂ ಒಟ್ಟಿಗೆ, ನೀವು ಸುಮ್ಮನೆ ಅಲ್ಲಿ ಕೂತುಕೊಳ್ಳಿ ಎಂದರು. ನಾನು ಬದುವಿನ ಮೇಲೆ ಕೂತೆ. ಹೊಲದ ಎರಡು ತುದಿಯ ಕಲ್ಲುಗಳಿಗೆ ಹಗ್ಗ ಎಳೆದು ಕಟ್ಟಿದರು, ನಡುವೆ ಧೃತಿ ಬಿಗಿಯಾಗಿ ಹಿಡಿದಳು, ಗುಂಡಿ ಮುಚ್ಚಿ ಕಲ್ಲು ನಿಲ್ಲಿಸಿದರು. ಅದಕ್ಕೂ ಮೊದಲು ಸಿರಿ ಫ್ರಾಕಿನ ಇದ್ದಲನ್ನು ಬಹಳ ಸಂಕಟದಿಂದ ಗುಂಡಿಗೆ ವಾಪಸು ಸುರಿದಳು. ಆಮೇಲೆ ಎಲ್ಲರೂ ನನ್ನ ನಿಧಿ ನೋಡಲು ಬೆರ್ಚಪ್ಪನ ಹತ್ತಿರ ಬಂದರು. ಡಬ್ಬಿಯ ಮುಚ್ಚಳ ನಾನು ಸರಿಯಾಗಿ ಹಾಕಿರಲಿಲ್ಲ. ಕೆಂಪಿರುವೆಗಳು ಸಾಲುಗಟ್ಟಿ ಕೊಬ್ಬರಿ ಮಿಠಾಯಿಯನ್ನು ಸಾಗಿಸುತ್ತಿದ್ದವು. ನನ್ನ ಒಗಟನ್ನು ಸರಿಯಾಗಿ ಬಿಡಿಸಿದವರು ಆ ಇರುವೆಗಳು ಮಾತ್ರ.

ಮರುದಿನ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಚಿಕ್ಕೇಗೌಡರು ಮಾವನ ಜಗಲಿಗೆ ಬಂದು ಕೂತರು. ಅತ್ತೆ ಒಂದು ಗಳಿಗೆ ಬಾಗಿಲಲ್ಲೇ ನಿಂತು ನೋಡಿ, ಕಾಫಿ ತಂದುಕೊಟ್ಟರು. ಚಿಕ್ಕೇಗೌಡರು ಲೋಟ ಖಾಲಿ ಮಾಡಿ, ನಾನೂ ಒಂದು ಒಗಟು ಕಟ್ಟಿದ್ದೇನೆ, ಬಿಡಿಸಿ ಎಂದು ನನ್ನ ಕಡೆ ತಿರುಗಿದರು. “ಬಂದ್ರೆ ಕೋಳಿ ಕುಯ್ಯಬೇಕು. ಮಲಗಿದ್ರೆ ಚಾಪೆ ಆಸಬೇಕು. ಮಾತಾಡಿದ್ರೆ ತಲೆ ಆಡುಸ್ಬೇಕು. ಮಾಡಿದ್ದ್ನೆಲ್ಲ ಇಂದಿಂದ ನಾವೇ ಸರಿ ಮಾಡ್ಬೇಕು. ಏನೇಳಿ ಸಾ?” ನಾನು ಬಹಳ ಯೋಚಿಸಿ ಜ್ವರ ಎಂದೆ. ಅಲ್ಲವೆಂದರು. ಎಲೆಕ್ಷನ್ ಎಂದೆ. ಅಲ್ಲ. ಮೈಮೇಲೆ ಬರುವ ದೇವರು ಎಂದೆ. ಮಾವ ಕೆಮ್ಮಿದರು, ಅತ್ತೆ ಒಳಗೆ ಹೋದರು. ನಿಧಾನವಾಗಿ ಯೋಚನೆ ಮಾಡಿ, ಅವಸರವಿಲ್ಲ ಎಂದು ಚಿಕ್ಕೇಗೌಡರು ನನ್ನ ಬೆನ್ನು ತಟ್ಟಿದರು.

ಬಸ್ಸು ಹೊಳೆನರಸೀಪುರ ದಾಟುವವರೆಗೂ ಯೋಚಿಸಿದೆ. ನೆಂಟ ಅನ್ನೋಣವೆಂದರೆ, ನೆಂಟ ಮಾಡಿದ್ದನ್ನು ಹಿಂದಿನಿಂದ ಸರಿಮಾಡುವುದು ಏನಿರುತ್ತದೆ? ಕೊನೆಗೆ ತಡೆಯಲಾರದೆ, ಈ ಹಳ್ಳಿಯವರ ಒಗಟಿಗೆ ತಲೆಬುಡ ಇರುವುದಿಲ್ಲ ಎಂದು ಸಿರಿಯ ಮುಂದೆ ರೇಗಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ, “ನಂಗೆ ಅಲ್ಲೇ ಗೊತ್ತಾಯ್ತಪ್ಪ. ಎಲ್ಲರಿಗೂ ಗೊತ್ತಾಯ್ತು. ಹೇಳಬೇಡ ಅಂತ ತಾತ ಕಣ್ಣು ಮಿಟುಕಿಸಿದ್ರು” ಎಂದಳು.

“ಏನದು?”

“ಅಳಿಯ.”

ನಾನು ಪ್ರೇಮಾಳ ಕಡೆ ತಿರುಗಿದೆ. ಅವಳು ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಭುಜಗಳು ಮಾತ್ರ ಒಂದೇ ಸಮನೆ ಕುಲುಕುತ್ತಿದ್ದವು. ಆ ರಸ್ತೆಗೆ ಆಗಷ್ಟೇ ಹೊಸ ಟಾರು ಹಾಕಿದ್ದರು, ಹಾಸನದವರೆಗೂ ಒಂದು ಗುಂಡಿಯೂ ಇರಲಿಲ್ಲ.