ಕಂಬಳಿ ಹೊದ್ದ ಬಂದೂಕು

ಶಿಕಾರಿಪುರದ ಮೆಕ್ಕೆಜೋಳದ ವ್ಯಾಪಾರಿ ಉಜ್ಜಪ್ಪ ಮನುಷ್ಯರನ್ನೂ ಮಾಲಿನಂತೆಯೇ ಅಳೆಯುವವನು. ಸೊರಬದ ಕಡೆಯ ಜಡೆ ಎಂಬ ಊರಿಗೆ ಹೆಣ್ಣು ನೋಡಲು ಹೋದಾಗಲೇ ಲೋಕಮ್ಮನನ್ನು ಅಳೆದಿದ್ದ: ಕಾಳು ಸಣ್ಣದು, ಆದರೆ ಗಟ್ಟಿ; ತೇವಾಂಶ ಕಡಿಮೆ, ಬಾಳಿಕೆ ಬಂದೀತು; ಸದ್ದು ಮಾತ್ರ ತೂಕಕ್ಕಿಂತ ಹೆಚ್ಚು. (ಮಾಲು ವಾಪಸಿಲ್ಲವೆಂಬ ಷರತ್ತನ್ನು ಹುಡುಗಿಯ ಕಡೆಯವರೇ ಆತುರದಿಂದ ಹಾಕಿದ್ದರು.)

ಅವಳು ಜೋಳದೊಳಗಿನ ಕಲ್ಲು ಆರಿಸಲು ಕೂತರೆ ಅವನದು ಒಂದೇ ಮಾತು: "ಇರ್ಲಿ ಬಿಡೇ, ತೂಕಕ್ಕೆ ಬರ್ತೈತಿ."

ಆದರೆ ಅಪ್ಪನಿಂದ ಲೈಸೆನ್ಸಿನ ಸಮೇತ ಬಂದ, ಹಿಡಿ ಎಳೆದು ತೋಟಾ ಏರಿಸುವ ಲಿವರ್ ಬಂದೂಕಿನ ಮೇಲೆ ಒಂದು ಕಣ ಧೂಳನ್ನೂ ಸಹಿಸುತ್ತಿರಲಿಲ್ಲ. ಕಡಲೆಬೀಜದಷ್ಟು ತೋಟಾ ನುಂಗುವ ಆ ಮಹಾಸ್ತ್ರ ಇದ್ದದ್ದು ಬೆಳೆ ಕಾಯಲೆಂದು. ಇದುವರೆಗೆ ಕಾದದ್ದು ಗೋಡೆಯನ್ನು. ಕೋತಿ ಓಡಿಸುವ ಖಾತೆ ಲೋಕಮ್ಮನದು. ರೊಟ್ಟಿ ಹಿಟ್ಟು ನಾದುವ ತವರಿನ ಹಿತ್ತಾಳೆ ಪರಾತಕ್ಕೆ ಸೌಟಿನಿಂದ ಬಾರಿಸಿದಳೆಂದರೆ ಕೋತಿಗಳು ಕೂರುವ ಅಂಗಳದಂಚಿನ ಹುಣಸೆಮರ ಖಾಲಿ.

ಮಳೆಗಾಲದಲ್ಲಿ ಬಂದೂಕಿಗೆ ಥಂಡಿ ಹಿಡಿದೀತೆಂದು ಉಜ್ಜಪ್ಪ ಮನೆಯ ಒಂದೇ ಒಂದು ಒಳ್ಳೆಯ ಕುರಿಕಂಬಳಿಯನ್ನು ಅದಕ್ಕೆ ಸುತ್ತಿಟ್ಟ. ಲೋಕಮ್ಮ ಹಳೆಯ ಸೀರೆ ಹೊದ್ದು ಮಲಗಿದಳು. ಮಳೆ ನಿಂತ ಮೇಲೆ ಬಿಚ್ಚಿದರೆ, ಕಂಬಳಿ ಹೀರಿದ ತೇವವೆಲ್ಲ ಕಬ್ಬಿಣಕ್ಕಿಳಿದು ನಳಿಗೆಗೆ ತುಕ್ಕಿನ ದಡಾರ ಎದ್ದಿತ್ತು.

"ನಂಗೆ ಹೊದಿಸಿದ್ರೆ ತುಕ್ಕಾದ್ರೂ ಹಿಡೀತಿರ್ಲಿಲ್ಲ," ಎಂದಳು ಲೋಕಮ್ಮ.

ಸ್ವಂತ ಹೊಲದ ಜೋಳ ಅಂಗಳದಲ್ಲಿ ಒಣಗುತ್ತಿದ್ದ ದಿನ ಅದು. ಸಂಜೆ ಲಾರಿ ಬರುವುದರೊಳಗೆ ಕೋತಿಗಳ ಬಾಯಿಗೆ ಬೀಳದೆ ಚೀಲ ಸೇರಬೇಕು. ಇಡೀ ವರ್ಷದ ದುಡಿಮೆ ಅಲ್ಲಿ ಹರಡಿತ್ತು. ಕಾವಲಿಗೆ ತಾನೇ ಕೂರುವುದಾಗಿ ಘೋಷಿಸಿ ಹೆಂಡತಿಯನ್ನು ಒಳಕ್ಕೆ ಕಳಿಸಿದ ಉಜ್ಜಪ್ಪ, ಜೋಳಕ್ಕೆ ಬೆನ್ನು ಹಾಕಿ ಬಂದೂಕಿನ ಶುಶ್ರೂಷೆಗೆ ತೊಡಗಿದ.

ಮೊದಲು ತೋಟಾ ಇಲ್ಲವೆಂದು ಇಣುಕಿ ನೋಡಿ, ಮತ್ತೆ ನೋಡಿ ಖಾತ್ರಿಪಡಿಸಿಕೊಂಡ. ಹಿಂಬದಿ ಮುಚ್ಚಿದ ಜಾತಿಯಾದ್ದರಿಂದ ನಳಿಗೆಯ ಬಾಯಿಂದಲೇ, ಅಂಚು ಸವೆಯದಂತೆ, ಬಾಣಂತಿಯ ಕೂಸಿಗೆ ಎಣ್ಣೆಯೊತ್ತುವ ನಾಜೂಕಿನಲ್ಲಿ ಬ್ರಷ್ ಇಳಿಸಿದ. ಲಿವರ್, ತಿರುಪು, ಸ್ಪ್ರಿಂಗುಗಳನ್ನು ಬಿಚ್ಚಿ, ಎಲ್ಲಿಂದಲೋ ಗಿಟ್ಟಿಸಿದ ಸೀಮೆಎಣ್ಣೆಯಲ್ಲಿ ನೆನೆಸಿ, ಆ ಎಣ್ಣೆ ಚೆಲ್ಲಿ, ಒರೆಸಿ, ತೆಳ್ಳಗೆ ಬಂದೂಕಿನೆಣ್ಣೆ ಸವರಿ, ಮದುವೆ ಪಂಕ್ತಿಯಂತೆ ಸಾಲಾಗಿ ಜೋಡಿಸಿದ. ನೆನೆಸಿದ್ದೂ ಜೋಡಿಸಿದ್ದೂ ಕೈಗೆ ಸಿಕ್ಕ ಅಗಲವಾದ ಪಾತ್ರೆಯಲ್ಲೇ. ಅದು ಲೋಕಮ್ಮನ ಪರಾತ.

ಹಿಂದೆ ಕಟುಕುಟು ಸದ್ದಾಯಿತು. ತಿರುಗಿದರೆ ಅಂಗಳದ ತುಂಬ ಕೋತಿ. ಉಜ್ಜಪ್ಪ ಬರಿ ನಳಿಗೆ ಎತ್ತಿ ಗುರಿ ಹಿಡಿದ. ದೊಡ್ಡ ಗಡವವೊಂದು ಅವನ ಕಡೆ ನೋಡುತ್ತಲೇ ಇನ್ನೊಂದು ಮುಷ್ಟಿ ಬಾಯಿಗೆ ತುಂಬಿಕೊಂಡಿತು.

"ಲೋಕೀ, ಬಾರೇ ಬೇಗ."

ಸೌಟು ಹಿಡಿದೇ ಬಂದ ಲೋಕಮ್ಮ ಪರಾತವನ್ನು ಕಂಡಳು. ಒಂದೇ ಏಟಿಗೆ ಅದನ್ನು ಜೋಳದ ಮೇಲೆ ಬೋರಲು ಹಾಕಿ ಖಾಲಿ ಮಾಡಿ ಬಾರಿಸಿದಳು. ಕೋತಿಗಳು ಹೋದವು. ಬಂದೂಕಿನ ಕರುಳೂ ಜೋಳದೊಳಗೆ ಹೋಯಿತು.

ಉಜ್ಜಪ್ಪ ಮಂಡಿಯೂರಿ ಕೆದಕಿದ. ಲಿವರ್ ಸಿಕ್ಕಿತು, ತಿರುಪುಗಳೂ ಸಿಕ್ಕವು. ತೋಟಾಕ್ಕೆ ಬಡಿದು ಗುಂಡು ಹಾರಿಸುವ ಕುದುರೆಯ ಸ್ಪ್ರಿಂಗ್ ಮಾತ್ರ ಸಿಗಲಿಲ್ಲ. ಓಣಿಯಲ್ಲಿ ಲಾರಿ ಹಾರ್ನ್ ಹೊಡೆಯಿತು.

ಲೋಕಮ್ಮ ಚೀಲದ ಬಾಯಿ ಹೊಲಿಯುತ್ತ ಹೇಳಿದಳು: "ಇರ್ಲಿ ಬಿಡ್ರೀ, ತೂಕಕ್ಕೆ ಬರುತ್ತೆ."

ಸ್ಪ್ರಿಂಗಿಲ್ಲದ ಬಂದೂಕು ಈಗಲೂ ಗೋಡೆಯ ಮೇಲಿದ್ದು, ಮೊದಲಿನಷ್ಟೇ ಕೆಲಸ ಮಾಡುತ್ತಿದೆ. ಕಂಬಳಿ ಲೋಕಮ್ಮನ ಪಾಲಾಗಿದೆ. ಪರಾತದ ಸೀಮೆಎಣ್ಣೆ ವಾಸನೆ ಮಾತ್ರ ಹುಣಸೆಹಣ್ಣಿಗೂ ಬಗ್ಗಿಲ್ಲ. ಅದರಲ್ಲಿ ರೊಟ್ಟಿ ಹಿಟ್ಟು ನಾದುವಂತಿಲ್ಲ. ಉಜ್ಜಪ್ಪ ಹೆಂಡತಿಗೆ ಒಂದು ಹೊಸ ಹಿತ್ತಾಳೆ ಪರಾತ ಕೊಡುವುದು ಬಾಕಿಯಿದೆ.