ಗೌಸ್ ಸಾಬರು ಬಿಟ್ಟ ಸಾಲು

ನಮ್ಮ ಹುಣಸೂರಿನಲ್ಲಿ ಗೌಸ್ ಸಾಬರ ಪ್ರೆಸ್ಸಿನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಕತೆ: ಸಾಬರು ತೀರಿಕೊಂಡ ಮೇಲೂ ಅಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿರುವುದು ಅವರೇ. ಸಾಕ್ಷಿ ಏನಪ್ಪಾ ಅಂದರೆ, ಅವರ ಕಂಪ್ಯೂಟರಿನಿಂದ ಹೊರಬರುವ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಅಂತ ನೆಂಟರ ಹೆಸರುಗಳಿರುತ್ತವಲ್ಲ, ಅವು ಮುಗಿದು ‘ಹಾಗೂ ಬಂಧುಮಿತ್ರರು’ ಅನ್ನುವ ಮೊದಲು ಒಂದು ಸಾಲು ಖಾಲಿ ಬಂದೇ ಬರುತ್ತದಂತೆ, ತೆಗೆದರೂ ಹೋಗುವುದಿಲ್ಲವಂತೆ. ಹೀಗೆ ‘ಅಂತೆ’ಗಳ ಮೇಲೆ ನಿಂತ ವಾದವನ್ನು ಕೆಡವುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಡಲೆಕಾಯಿ ಸುಲಿದಷ್ಟು ಸಲೀಸಾಗಿತ್ತು. ಸತ್ತವರಿಗೆ ದುಡಿಯುವ ಆಸೆಯೇ ಇದ್ದರೆ ಹೋಗಿ ಹೋಗಿ ಪ್ರೂಫ್ ತಿದ್ದುವ ಕೆಲಸವನ್ನೇ ಯಾಕೆ ಹಿಡಿಯುತ್ತಾರೆ? ಬದುಕಿರುವವರೇ ಅದರಿಂದ ತಪ್ಪಿಸಿಕೊಂಡು ಓಡಾಡುತ್ತಾರಲ್ಲ? ಹೀಗೆ ಕೇಳಿದರೆ ಜನ ಹೌದೌದು ಅಂತ ನಗುತ್ತಾರೆ, ಆಮೇಲೆ ಪಕ್ಕದವರಿಗೆ ಮತ್ತೆ ಅದೇ ಕತೆ ಹೇಳುತ್ತಾರೆ. ವಾದದಲ್ಲಿ ಗೆದ್ದವರ ಹಣೆಬರಹವೇ ಇಷ್ಟು. ಚಪ್ಪಾಳೆ ನಮಗೆ, ನಂಬಿಕೆ ಎದುರಿನವರಿಗೆ.

ನಾನು ಆ ಪ್ರೆಸ್ಸಿಗೆ ಹೋದದ್ದು ದೆವ್ವ ಬಿಡಿಸುವುದಕ್ಕಲ್ಲ, ಅಕ್ಕನ ಮದುವೆ ಕಾರ್ಡು ಮಾಡಿಸುವುದಕ್ಕೆ. ಈಗ ಪ್ರೆಸ್ ನೋಡಿಕೊಳ್ಳುವವರು ಗೌಸ್ ಸಾಬರ ತಮ್ಮ ನಜೀರ್ ಸಾಬರು. ಅವರು ದಿನಾ ಬಳಸುವ ಕಂಪ್ಯೂಟರ್ ಆ ವಾರವೇ ಮಕಾಡೆ ಮಲಗಿತ್ತು. “ಭಾಯಿಜಾನ್ ಮೆಷೀನ್ ಐತೆ ಬೇಟಾ. ಆದ್ರೆ ಅದು ಚಿತ್ರ ಗಿತ್ರ ತೋರ್ಸಲ್ಲ, ಬರೀ ಕರೀ ಪರದೆ. ಏನ್ ಬೇಕೋ ಬರ್ದು ಹೇಳ್ಬೇಕು. ನಮ್ಗೆ ಬರಲ್ಲ, ಬಲ್ಲೋರು ಯಾರಾದ್ರೂ ಬಂದ್ರೆ ಮಾತ್ರ ನಡ್ಯೋದು,” ಅಂದರು. ನನಗೆ ಬರುತ್ತದೆ ಅಂದೆ. ಇದು ಮೌಸಿನಲ್ಲಿ ಎಳೆದು ಕೂರಿಸುವ ವ್ಯವಹಾರವಲ್ಲ. ಕಾಗದ ಇಷ್ಟಗಲ, ಅಕ್ಷರ ಇಷ್ಟು ದಪ್ಪ, ಸಾಲಿಗೂ ಸಾಲಿಗೂ ಇಷ್ಟು ಅಂತರ ಅಂತ ಒಂದೊಂದೇ ಆಜ್ಞೆ ಬರೆದು ಎಂಟರ್ ಒತ್ತಿದರೆ ಪುಟ ತಾನೇ ಜೋಡಿಸಿಕೊಂಡು ಬರುತ್ತದೆ. ಹೇಳಿದ್ದನ್ನು ಕೇಳಬೇಕು, ಎದುರು ಮಾತಾಡಬಾರದು. ನನ್ನಂಥವಳಿಗೆ ಹೇಳಿ ಮಾಡಿಸಿದ ಸಹವಾಸ. ಅಂಗಡಿಯ ಹಿಂಭಾಗದಲ್ಲಿ ಗೌಸ್ ಸಾಬರ ಕುರ್ಚಿ ಇನ್ನೂ ಎಡಕ್ಕೆ ಕುಸಿದಿತ್ತು. ಕೂತರೆ ಯಾರೋ ಪಕ್ಕಕ್ಕೆ ಸರಿದು ಜಾಗ ಕೊಟ್ಟ ಹಾಗಾಗುತ್ತಿತ್ತು. ಕೀಬೋರ್ಡಿನಲ್ಲಿ ಮೇಲ್ಮುಖ ಬಾಣದ ಕೀ ಒಂದು ಮಾತ್ರ ಸವೆದು ಬೆರಳಿನಷ್ಟು ಗುಳಿ ಬಿದ್ದಿತ್ತು. ಅದನ್ನು ಒತ್ತಿದರೆ ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ವಾಪಸು ಬರುತ್ತವೆ.

ಇಲ್ಲಿ ನಮ್ಮ ಮನೆ ರಾಮಾಯಣ ಸ್ವಲ್ಪ ಹೇಳಬೇಕು. ನಾವು ಹುಣಸೂರಿನ ಪಕ್ಕದ ಹನಗೋಡಿನವರು, ಅಮ್ಮನ ತವರು ಅಂತರಸಂತೆ. ನಮ್ಮ ಕಡೆ ಸೋದರಮಾವನನ್ನು ಶುಭಕಾರ್ಯಕ್ಕೆ ಕರೆಯಬೇಕಾದರೆ ಮನೆಗೇ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕರೆಯಬೇಕು. ಧಾರೆಯ ಹೊತ್ತಿಗೆ ಹುಡುಗಿಯ ಕೈಹಿಡಿದು ಹಸೆಮಣೆಗೆ ಕರೆತರುವವರು ಅವರೇ ತಾನೆ. ಅಪ್ಪ ನಿಶ್ಚಿತಾರ್ಥಕ್ಕೆ ಶಿವಣ್ಣ ಮಾವನನ್ನು ವಾಟ್ಸಾಪಿನಲ್ಲಿ ಕರೆದರು. ಅದೂ ಗ್ರೂಪಿನಲ್ಲಿ. ಮಾವ ಕೈಮುಗಿದ ಗುರುತೊಂದನ್ನು ಒತ್ತಿ ಗ್ರೂಪಿನಿಂದ ಹೊರಟುಹೋದರು, ನಿಶ್ಚಿತಾರ್ಥಕ್ಕೂ ಬರಲಿಲ್ಲ. “ಬರ್ದೇ ಇರೋನ ಹೆಸ್ರು ಕಾರ್ಡಲ್ಲಿ ಯಾಕವ್ವಾ? ತೆಗ್ಸು,” ಅಂತ ಅಪ್ಪನ ಅಪ್ಪಣೆಯಾಯಿತು. ಅಮ್ಮ ಅಡುಗೆಮನೆಯಿಂದ ಹೊರಗೆ ಬರದೆಯೇ ಒಂದು ಮಾತು ಅಂದಳು: “ತೆಗ್ಸು ಮಗ. ನಂಗೆ ತವರು ಇಲ್ಲ ಅಂತ ಊರಿಗೆಲ್ಲಾ ಅಚ್ಚಾಕ್ಸಿ ಹಂಚ್ದಂಗಾಯ್ತದೆ.” ಸುಳ್ಳೇನಲ್ಲ. ನಮ್ಮ ಜನ ಕಾರ್ಡು ಕೈಗೆ ಬಂದರೆ ಗಂಡು ಯಾರು, ಛತ್ರ ಎಲ್ಲಿ ಅಂತಲೂ ನೋಡುವುದಿಲ್ಲ, ಮೊದಲು ಯಾರ ಹೆಸರು ಬಿಟ್ಟಿದ್ದಾರೆ ಅಂತ ನೋಡುತ್ತಾರೆ. ಒಂದು ಸಲ ಅಚ್ಚಾದರೆ ಅಣ್ಣ ತಂಗಿ ಈ ಜನ್ಮಕ್ಕೆ ದೂರ. ನಾನು ಅಪ್ಪನ ಜೊತೆ ವಾದ ಮಾಡಿದೆ. ವಾದ ಗೆದ್ದೆ, ಹೆಸರು ಮಾತ್ರ ಸೇರಲಿಲ್ಲ. ಅಂದಹಾಗೆ, ನನ್ನ ಹೆಸರನ್ನೂ ನಾನೇ ತೆಗೆಸಿದ್ದೆ. ಹೆಸರುಗಳ ಈ ಮೆರವಣಿಗೆ ಬರೀ ಒಣ ಪ್ರತಿಷ್ಠೆ, ನನ್ನದು ಅದರಲ್ಲಿ ಬೇಡ ಅಂತ. ಅಕ್ಕ ಮುಖ ಸಣ್ಣ ಮಾಡಿಕೊಂಡಳು. ಆದರೆ ಮಾವನದು ಮುನಿಸು, ನನ್ನದು ತತ್ವ. ವ್ಯತ್ಯಾಸವಿದೆ.

ಸರಿ, ಮಾವನ ಹೆಸರಿಲ್ಲದ ಪಟ್ಟಿಯನ್ನು ಬರೆದು ಎಂಟರ್ ಒತ್ತಿದೆ. ಪ್ರಿಂಟರ್ ನಿಟ್ಟುಸಿರು ಬಿಟ್ಟು ಪ್ರೂಫ್ ಹೊರಹಾಕಿತು. ‘ಹಾಗೂ ಬಂಧುಮಿತ್ರರು’ ಸಾಲಿನ ಮೇಲೆ ಒಂದು ಸಾಲು ಖಾಲಿ. ನಜೀರ್ ಸಾಬರು ಕಾಗದವನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ, “ಬಂದ್ರು,” ಅಂದರು.

“ಯಾರು ಬಂದ್ರು?”

ಅವರು ಕಾಗದ ನನ್ನ ಕೈಗಿಟ್ಟು ಕನ್ನಡಕ ಒರೆಸಿಕೊಂಡರು.

ನಾನು ಬಿಡುವವಳೇ? ನಿನ್ನ ನಿಯಮಗಳನ್ನು ಎಲ್ಲಿಂದ ಓದುತ್ತಿದ್ದೀಯ ಅಂತ ಯಂತ್ರವನ್ನೇ ಕೇಳಿದೆ. ಅದಕ್ಕೂ ಒಂದು ಆಜ್ಞೆಯಿದೆ. ಉತ್ತರ ಬಂತು: ಗೌಸ್ ಸಾಬರ ಹೆಸರಿನ ಫೋಲ್ಡರಿನಲ್ಲಿ ಅವರದೇ ಒಂದು ಫೈಲು; ಅದರೊಳಗೆ ‘ಇಲ್ಲಿ ಒಂದು ಸಾಲು ಬಿಡು’ ಅನ್ನುವ ಸೂಚನೆ. ಮಾನ್ಯ ಅಧ್ಯಕ್ಷರೇ, ದೆವ್ವದ ವಿಳಾಸ ಸಿಕ್ಕಿತು! ಆ ಫೈಲನ್ನೇ ಅಳಿಸಿ, ಅಂತರ ಸೊನ್ನೆ ಅಂತ ಬರೆದು, ಮತ್ತೆ ಪ್ರೂಫ್ ತೆಗೆದೆ. ಖಾಲಿ ಸಾಲು ಅಲ್ಲೇ ಇತ್ತು.

ಮಟಮಟ ಮಧ್ಯಾಹ್ನ. ಹೊರಗೆ ಬಸ್ಸು, ಆಟೋ, ಸೌತೆಕಾಯಿ ಮಾರುವವನ ಕೂಗು, ಎಲ್ಲಾ ಇದ್ದವು. ಆದರೂ ನಾನು ಒಮ್ಮೆ ಹಿಂದೆ ತಿರುಗಿ ನೋಡಿಕೊಂಡೆ. ಎಲ್ಲಿ ತಪ್ಪಿದೆ ಅಂತ ನೋಡಲು ಆ ಗುಳಿಬಿದ್ದ ಬಾಣ ಒತ್ತಿದೆ. ನಾನು ಬರೆದವು ಒಂದೊಂದಾಗಿ ಬಂದು ಮುಗಿದವು. ಆಮೇಲೆ ನಾನು ಬರೆಯದವು ಬರತೊಡಗಿದವು. ಸಾಲು ತೆಗೆ. ಸಾಲು ಬಿಡು. ಸಾಲು ತೆಗೆ. ಸಾಲು ಬಿಡು. ಸತ್ತ ಮನುಷ್ಯರೊಬ್ಬರು ಯಾರ ಜೊತೆಗೋ ತಾಳ್ಮೆಯಿಂದ ವಾದ ಮಾಡುತ್ತಿರುವ ಹಾಗಿತ್ತು. ಕೊನೆಯ ಮಾತು ಪ್ರತಿ ಸಲವೂ ‘ಬಿಡು’.

“ಎಲ್ಲಾ ಮನೇಲೂ ಒಬ್ರು ಮುನಿಸ್ಕೊಂಡಿರ್ತಾರೆ ಬೇಟಾ,” ಅಂದರು ನಜೀರ್ ಸಾಬರು ನನ್ನ ಬೆನ್ನ ಹಿಂದಿನಿಂದ. “ಮನೆಯೋರು ಹೆಸ್ರು ತೆಗೀರಿ ಅಂತಾರೆ. ಭಾಯಿಜಾನ್ ಆಯ್ತು ಅಂತಿದ್ರು, ಜಾಗ ಮಾತ್ರ ಬಿಡ್ತಿದ್ರು. ಕಡೇ ಗಳಿಗೇಲಿ ಓಡ್ಬಂದು ಸೇರ್ಸಿ ಸಾಬ್ರೇ ಅಂತಾರಲ್ಲಾ.”

ವೈಚಾರಿಕ ವಿವರಣೆ ಇದೆ. ಗಡಿಬಿಡಿಯಲ್ಲಿ ನಾನೇ ಬಾಣ ಒತ್ತಿ, ಅವರ ಹಳೆಯ ಆಜ್ಞೆ ಮೇಲೆ ಬಂದಾಗ ನೋಡದೆ ಎಂಟರ್ ಒತ್ತಿರಬಹುದು. ಒತ್ತಿದ ನೆನಪು ನನಗಿಲ್ಲ. ನೆನಪಿಲ್ಲ ಅನ್ನುವುದು ಒತ್ತಲಿಲ್ಲ ಅನ್ನುವುದಕ್ಕೆ ಪುರಾವೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡು, ಪ್ರೂಫ್ ಮಡಿಸಿ ಊರಿಗೆ ಬಸ್ಸು ಹತ್ತಿದೆ.

ಅಪ್ಪ ಪ್ರೂಫ್ ನೋಡಿ, “ಇದೇನವ್ವಾ ಇಲ್ಲಿ, ಹಲ್ಲು ಬಿದ್ದಂಗೆ?” ಅಂದರು. ನಡೆದದ್ದು ಹೇಳಿದೆ. ನನ್ನ ಯಾವ ತರ್ಕಕ್ಕೂ ಜಗ್ಗದ ಮನುಷ್ಯ ಆ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ, ಬಿಸಿ ತಾಕಿದಂತೆ ಕೈ ಹಿಂದಕ್ಕೆಳೆದುಕೊಂಡರು. “ಮದ್ವೆ ಕಾರ್ಡಲ್ಲಿ ಖಾಲಿ ಬುಟ್ಕಂಡು ಹಂಚಕ್ಕಾಯ್ತದಾ? ಅವ್ನೆಸ್ರೇ ತುಂಬ್ಸು ಅತ್ಲಾಗೆ.” ವಾರಗಟ್ಟಲೆ ವಾದ ಮಾಡಿದ ನನ್ನ ಪಾಂಡಿತ್ಯ ಸಾಧಿಸದ್ದನ್ನು ಏನೂ ಬರೆಯದ ಒಂದು ಸಾಲು ಸಾಧಿಸಿತ್ತು.

ಹೆಸರು ಹಾಕಿದ ಮೇಲೆ ಕರೆಯದೆ ಇರಲಾಗುತ್ತದೆಯೇ? ಎಲೆ ಅಡಿಕೆ ತಟ್ಟೆ ಹಿಡಿದು ಅಂತರಸಂತೆಗೆ ಹೋದೆವು. ಮಾವ ಪ್ರೂಫನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇಷ್ಟ್ ಸಣ್ ಜಾಗ್ದಲ್ಲಿ ನನ್ನೆಸ್ರು ಇಡಿಸ್ತದಾ ಭಾವ?” ಅಂದರು ಬಿಗಿಯಾಗಿ.

“ದಪ್ಪಕ್ಷರದಲ್ಲಿ ಹಾಕ್ಸಾನ ಬುಡು,” ಅಂದರು ಅಪ್ಪ, ಗೋಡೆ ನೋಡುತ್ತಾ.

“ಗ್ರೂಪಿಗೂ ಸೇರ್ಸಿ ಮತ್ತೆ,” ಅಂದರು ಮಾವ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ತನ್ನದೇ ಮನೆಯ ಹಾಗೆ ಕಾಫಿ ಮಾಡಲು ಒಳಗೆ ಹೋದಳು. ಅವಳ ಮನೆಯೇ ತಾನೆ.

ಮಾರನೆಯ ದಿನ ಮತ್ತೆ ಆ ಕುಸಿದ ಕುರ್ಚಿಯಲ್ಲಿ ಕೂತೆ. ಮಾವನ ಹೆಸರನ್ನು ದಪ್ಪ ಅಕ್ಷರದಲ್ಲಿ ಸೇರಿಸಿದೆ. ಬಾಣದ ಕೀ ಕಡೆಗೆ ಬೆರಳು ಹೋಗದ ಹಾಗೆ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಎಡಗೈಯಲ್ಲೇ ಪ್ರತಿಯೊಂದು ಅಕ್ಷರ ಒತ್ತಿದೆ. ಪ್ರಿಂಟರ್ ನಿಟ್ಟುಸಿರು ಬಿಟ್ಟಿತು. ಮಾವನ ಹೆಸರು ಠೀವಿಯಿಂದ ಕೂತಿತ್ತು. ಅದರ ಕೆಳಗೆ, ‘ಹಾಗೂ ಬಂಧುಮಿತ್ರರು’ ಸಾಲಿನ ಮೇಲೆ, ಮತ್ತೊಂದು ಸಾಲು ಖಾಲಿ.

ನಜೀರ್ ಸಾಬರು ಪ್ರೂಫಿನಲ್ಲಿದ್ದ ನಮ್ಮ ಮನೆಯವರ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕಾಗದ ಕತ್ತರಿಸಲು ಹೊರಟುಹೋದರು. ಕರೀ ಪರದೆಯ ಮೇಲೆ ಕರ್ಸರ್ ಒಂದೇ ಸಮ ಮಿನುಗುತ್ತಿತ್ತು, ಹೇಳುವುದನ್ನು ಹೇಳಿ ಮುಗಿಸಿ ಕಾಯುವವರ ಕಣ್ಣಿನ ಹಾಗೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ, ಬಾಯಿಬಿಟ್ಟೇ ಕೇಳಿದೆ:

“ಗೌಸ್ ಸಾಬ್ರೇ, ನಮ್ಮ ಮಾವ ಬಂದಾಯ್ತಲ್ಲ, ಇದು ಯಾರಿಗೆ?”